ಗುರುವಿನಿಂದ ಲೈನ್ ಎಳೆಯುವ ಅಂದಾಜುಪಟ್ಟಿ

ಚಿತ್ಕಳೆಗೆ ಶಾಲೆಯಲ್ಲಿ ಪ್ರಬಂಧ ಕೊಟ್ಟಿದ್ದಾರೆ:
'ಅನ್ಯಗ್ರಹಗಳಿಂದ ಶಕ್ತಿ ತರಬಹುದೇ?'
ಎರಡು ಪುಟ, ಸೋಮವಾರದೊಳಗೆ.
ಅಪ್ಪ ಲೈನ್‌ಮನ್ ಅಲ್ಲವೇ, ಅಪ್ಪನಿಗೇ ಗೊತ್ತು ಎಂದು
ಕಡವಾಡದಿಂದ ಸುಂಕೇರಿಯವರೆಗೆ
ಬೈಕಿನ ಹಿಂದೆ ಕೂತು ಕೇಳುತ್ತ ಬಂದಳು.

ನನಗೆ ಗೊತ್ತಿರುವುದು ಹನ್ನೊಂದು ಕೆ.ವಿ.
ಪಿಂಗಾಣಿ ಇನ್ಸುಲೇಟರಿನ ಮೇಲೆ ಕಡಲಿನ ಉಪ್ಪು
ಮುದುಕರ ಮೀಸೆಯಂತೆ ಕೂರುವುದು,
ಇಬ್ಬನಿ ಬಿದ್ದ ರಾತ್ರಿ ಅದೇ ಚಿರ್ರೆಂದು
ನೀಲಿ ನಾಲಗೆ ಚಾಚುವುದು.
ಆದರೂ ಇಲಾಖೆಯ ಹಳೇ ಫಾರ್ಮಿನ ಬೆನ್ನಿಗೆ
ಅಂದಾಜುಪಟ್ಟಿ ಹಾಕಿದೆ. ಅದೊಂದು ಬರುತ್ತದೆ ನನಗೆ.

ಗುರು. ಹತ್ತಿರ ಬಂದಾಗ ಅರವತ್ತು ಕೋಟಿ ಕಿಲೋಮೀಟರು.
ಕಿಲೋಮೀಟರಿಗೆ ಇಪ್ಪತ್ತರಂತೆ
ಸಾವಿರದ ಇನ್ನೂರು ಕೋಟಿ ಕಂಬ. ಸ್ಟೇ ವಯರು ಬೇರೆ.
ನಿಂತಲ್ಲಿ ನಿಲ್ಲುವವನೂ ಅಲ್ಲ,
ದೂರ ಹೋದಾಗ ಇನ್ನೂ ಮೂವತ್ತೈದು ಕೋಟಿ ತಂತಿ ಬಿಡಬೇಕು,
ಗಾಳಕ್ಕೆ ದಾರ ಬಿಟ್ಟ ಹಾಗೆ.

'ಕಂಬ ಯಾಕಪ್ಪ, ಕಿರಣದಲ್ಲಿ ಕಳಿಸ್ತಾರೆ' ಎಂದಳು.
ಕಿರಣ ಹರಡುತ್ತದೆ ಮಗಾ.
ಸದಾಶಿವಗಡದ ಗುಡ್ಡದಿಂದ ಬಿಟ್ಟ ಟಾರ್ಚು
ಕಾಳಿಯ ಈ ದಡ ಮುಟ್ಟುವಷ್ಟರಲ್ಲಿ
ಯಾರ ಮುಖಕ್ಕೂ ಸಾಲುವುದಿಲ್ಲ.
ಇಲ್ಲಿಂದ ಅಂಕೋಲೆಗೆ ಹೋಗುವುದರೊಳಗೇ ಎಷ್ಟೋ ಸೋರಿ ಹೋಗಿ
ಲೈನ್ ಲಾಸ್ ಎಂದು ಬರೆದು ಸಹಿ ಹಾಕುತ್ತೇವೆ.

ಅಲ್ಲೊಂದು ಬಿರುಗಾಳಿ ಇದೆಯಂತೆ,
ಭೂಮಿಯನ್ನು ಇಡಿಯಾಗಿ ನುಂಗುವಷ್ಟು ದೊಡ್ಡದು,
ಅಜ್ಜನ ಅಜ್ಜ ಹುಟ್ಟುವ ಮೊದಲಿಂದ ಬೀಸುತ್ತಿದೆ.
ಒಂದೇ ರಾತ್ರಿಯ ಗಾಳಿಗೆ ನಮ್ಮ ಸೆಕ್ಷನ್ನಿನಲ್ಲಿ
ತೊಂಬತ್ತು ಕಂಬ ಉರುಳಿ
ನಾಲ್ಕು ದಿನ ನಾನು ಮನೆಗೆ ಬಂದಿರಲಿಲ್ಲ.
ಅಲ್ಲಿಗೆ ಯಾರನ್ನು ಡ್ಯೂಟಿಗೆ ಹಾಕುತ್ತಾರೆ?

ಶುಕ್ರನಲ್ಲಿ ಸೀಸ ಕರಗುವ ಕಾವು.
ಕಾವಿದ್ದರೆ ಆಗಲಿಲ್ಲ, ಪಕ್ಕದಲ್ಲಿ ತಂಪೂ ಬೇಕು.
ಕೈಗಾದ ಕುಲುಮೆ ಕೂಡ
ಕದ್ರಾದ ನೀರು ಕುಡಿದೇ ತಿರುಗುವುದು.
ಕದ್ರಾ ಎಂದು ಬರೆದ ಮೇಲೆ ಪೆನ್ನು ಸ್ವಲ್ಪ ನಿಂತಿತು.

ಪಟ್ಟಿಯ ಕೊನೆಗೊಂದು ಸಾಲು: ಪುನರ್ವಸತಿ.
'ಅಲ್ಲಿ ಯಾರೂ ಇಲ್ಲಪ್ಪ, ಸೊನ್ನೆ ಹಾಕು.'
ನಮ್ಮ ಕೇರಿ ಅಳೆಯಲು ಬಂದವರೂ
ನಕ್ಷೆಯಲ್ಲಿ ಬರಿಯ ಹಸಿರು ಬಳಿದಿದ್ದರು.
ಈಗ ಬೇಸಿಗೆಯಲ್ಲಿ ನೀರಿಳಿದರೆ
ಅಜ್ಜಿಯ ಒರಳು ಕೆಸರಿನಲ್ಲಿ ಬಾಯ್ದೆರೆದು
ದೂರದಿಂದ ಸೊನ್ನೆಯ ಹಾಗೇ ಕಾಣುತ್ತದೆ.
ನಾನು ಸೊನ್ನೆ ಹಾಕಲಿಲ್ಲ. ಗೀಟೆಳೆದೆ.

ಶನಿಯ ವಿಷಯಕ್ಕೆ ಬರುವಾಗ ತೊಳಶಿ ಅಂಬಿಗ
ಬೆಳಚಿನ ಬುಟ್ಟಿ ಇಳಿಸಿ, ಒದ್ದೆ ಸೆರಗು ಹಿಂಡುತ್ತ ಅಂದಳು:
'ಏಳೂವರೆ ವರ್ಷ ನಮ್ಮನೆ ಮೇಲೇ ಕೂತಿದ್ದ,
ಶನಿವಾರಕ್ಕೊಂದು ಕುಡ್ತೆ ಎಳ್ಳೆಣ್ಣೆ ಕುಡಿದ.
ಎಲ್ಲ ಅಲ್ಲೇ ಇರಬೇಕು, ಅದನ್ನು ಮೊದಲು ತೆಕ್ಕೊಂಡು ಬನ್ನಿ.
ಮತ್ತೆ, ಚಂದ್ರ ಗ್ರಹ ಅಲ್ಲವಾ?
ದೇವಸ್ಥಾನದ ಒಂಬತ್ತರಲ್ಲಿ ಅವನೂ ಒಬ್ಬ.
ಮರಳಿಗೆ ಕಚ್ಚಿದ ನನ್ನ ದೋಣಿಯನ್ನು
ಹುಣ್ಣಿಮೆಯ ಭರತಿ ಬಂದು ಎತ್ತಿ ಕೊಡುತ್ತದೆ.
ನಾಲ್ಕು ಗಂಡಸರ ಕೆಲಸ. ಕಂಬ ಇಲ್ಲ, ಬಿಲ್ಲೂ ಇಲ್ಲ.'

'ಸಾಧ್ಯ' ಎಂದು ಬರೆಯಹೊರಟೆ.
ಚಿತ್ಕಳೆ ಪುಸ್ತಕ ತೆರೆದು ಬೆರಳಿಟ್ಟಳು:
ಭರತಿ ಎತ್ತುವವನು ಚಂದ್ರ,
ಖರ್ಚು ಬೀಳುವುದು ಭೂಮಿಯ ತಿರುಗಾಟಕ್ಕೆ.
ನೂರು ವರ್ಷಕ್ಕೆ ದಿನವೊಂದು
ಎರಡು ಮಿಲಿಸೆಕೆಂಡು ಎಳೆಯುತ್ತದೆ,
ರೆಪ್ಪೆ ಬಡಿಯುವ ಹೊತ್ತಿನ ಐವತ್ತರಲ್ಲೊಂದು ಪಾಲು.

'ಅಂದರೆ ಹಗಲು ಉದ್ದ ಆಗ್ತದಾ?' ತೊಳಶಿ ಬುಟ್ಟಿ ಎತ್ತಿದಳು.
'ಆಗಲಿ ಬಿಡಿ. ಇಳಿತದ ಹೊತ್ತು ಎಂದೂ ಸಾಲುವುದಿಲ್ಲ ನನಗೆ.'

ಅಷ್ಟರಲ್ಲಿ ಕೋಡಿಬಾಗದಿಂದ ಫೋನು,
ಐಸ್ ಫ್ಯಾಕ್ಟರಿಗೆ ಒಂದು ಫೇಸ್ ಇಲ್ಲ,
ಬಂಗಡೆ ರಾಶಿ ಬಿದ್ದಿದೆ, ಬೇಗ ಬನ್ನಿ.
ಕಂಬದ ತುದಿಯಲ್ಲಿ ಇಕ್ಕಳ ಹಲ್ಲಿಗೆ ಕಚ್ಚಿ ನೋಡುತ್ತೇನೆ,
ಕಡಲ ಮೇಲೆ ಗುರು, ಮಿನುಗದೆ, ನೆಟ್ಟಗೆ.
ಈ ಬೆಳಕು ಅಲ್ಲಿಂದ ಹೊರಟಾಗ
ನಾನಿನ್ನೂ ಶನಿಯ ಎಣ್ಣೆಯ ಲೆಕ್ಕ ಕೇಳುತ್ತಿದ್ದೆ.
ಫ್ಯೂಸಿನ ತಂತಿ ಬಿಗಿದೆ.
ಕೆಳಗಿನ ಕತ್ತಲೆಯಿಂದ ಯಾರೋ ಕೂಗಿದರು:
'ಬಂತಾ?'